ಹೆಸರು ಕೂಗುತ್ತಿದ್ದ ಉತ್ತಮನ್

ನಮ್ಮ ತಂಡ ಮೈದಾನಕ್ಕೆ ಹೊರಟರೆ ಶೊರನೂರಿನ ಜನ ಅಂಗಡಿಯಿಂದ ಎದ್ದು ಬಂದು ನೋಡುತ್ತಾರಂತೆ. ನಾನು ಕಂಡವನಲ್ಲ, ಹೇಳಿದ್ದನ್ನು ಕೇಳಿ ಬಲ್ಲೆ. ಮುಂದೆ ಒಬ್ಬ, ಅವನ ಹೆಗಲ ಮೇಲೆ ಇನ್ನೊಬ್ಬನ ಕೈ, ಆ ಇನ್ನೊಬ್ಬನ ಹೆಗಲ ಮೇಲೆ ಮತ್ತೊಬ್ಬನದು, ಹೀಗೆ ಸಾಲಾಗಿ ನಡೆಯುವುದು ನಮ್ಮ ಪದ್ಧತಿ. ಟೀ ಅಂಗಡಿಯ ಪೋಕರಿಗಳು ಬಾಯಿಂದ ರೈಲಿನ ಸಿಳ್ಳೆ ಹಾಕುತ್ತಾರೆ. ಹಾಕಲಿ ಬಿಡಿ. ರೈಲ್ವೆ ಊರಿನಲ್ಲಿ ಹುಟ್ಟಿದವರಿಗೆ ಅದಕ್ಕಿಂತ ಒಳ್ಳೆಯ ತಮಾಷೆ ಹೊಳೆಯುವುದಿಲ್ಲ. ಆ ರೈಲಿಗೆ ಬಹಳ ವರ್ಷ ಇಂಜಿನ್ ಆಗಿದ್ದವನು ಉತ್ತಮನ್. ಅವನ ಬೆನ್ನಿಗೇ ಇದ್ದ ಡಬ್ಬಿ ನಾನು, ಮೊಯ್ದು. ಬೆತ್ತದ ಕುರ್ಚಿ ಹೆಣೆಯುವವನು, ಹುಟ್ಟುಗುರುಡ.

ಕುರುಡರ ಕ್ರಿಕೆಟ್ಟಿನಲ್ಲಿ ಮೂರು ದರ್ಜೆಯ ಆಟಗಾರರು. ಕಾಗದದಲ್ಲಿ ಬಿ-ಒನ್, ಬಿ-ಟು, ಬಿ-ತ್ರೀ ಎಂದು ಬರೆಯುತ್ತಾರೆ. ನಮ್ಮ ಬಾಯಲ್ಲಿ ಅದು ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಥರ್ಡ್ ಕ್ಲಾಸ್. ಬೆಳಕೆಂದರೇನೆಂದೇ ಗೊತ್ತಿಲ್ಲದ ನನ್ನಂಥವರು ಫಸ್ಟ್ ಕ್ಲಾಸ್. ನೆರಳು ಕಾಣುವವರು ಸೆಕೆಂಡ್. ಇಷ್ಟು ದೂರದಲ್ಲಿ ಇಂಥವನು ನಿಂತಿದ್ದಾನೆ ಅಂತ ಹೇಳಬಲ್ಲವರು ಥರ್ಡ್. ಫಸ್ಟ್ ಕ್ಲಾಸಿನವನು ಒಂದು ರನ್ ಹೊಡೆದರೆ ಲೆಕ್ಕಕ್ಕೆ ಎರಡು ಬರುತ್ತದೆ. ಅಲ್ಲಾಹು ಕೊಡದೆ ಉಳಿಸಿಕೊಂಡದ್ದನ್ನು ಕ್ರಿಕೆಟ್ಟಿನವರು ಕೊಟ್ಟರು ನೋಡು ಅಂತ ನಾನು ಹೊಸಬರಿಗೆ ಹೇಳುವುದುಂಟು. ಉತ್ತಮನ್ ಥರ್ಡ್ ಕ್ಲಾಸ್. ನಮ್ಮ ವಿಕೆಟ್ ಕೀಪರ್ ಅವನೇ.

ಕೀಪರ್ ಅಂದರೆ ನಮ್ಮಲ್ಲಿ ಚೆಂಡು ಹಿಡಿಯುವವನಷ್ಟೇ ಅಲ್ಲ, ಹೆಸರು ಕೂಗುವವನು. ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಉಕ್ಕಿನ ಗುಂಡುಗಳು, ಉರುಳಿದರೆ ಗಿಲಗಿಲ ಅನ್ನುತ್ತದೆ. ಬ್ಯಾಟಿಗೆ ತಗುಲಿದ ಕೂಡಲೇ ಕೀಪರ್ ಅದು ಹೋಗುವ ದಿಕ್ಕು ನೋಡಿ ಅಲ್ಲಿ ನಿಂತವನ ಹೆಸರು ಕೂಗಬೇಕು. ಹೆಸರು ಕೇಳಿದವನು ಓಡಬೇಕು. ಉಳಿದವರು ನಿಂತಲ್ಲೇ ನಿಲ್ಲಬೇಕು. ಈ ನಿಯಮ ಮುರಿದರೆ ಕುರುಡರ ಮೇಲೆ ಕುರುಡರು ಬೀಳುತ್ತೇವೆ. ಉತ್ತಮನ್ ನನ್ನ ಹೆಸರು ಕೂಗಿದ ಮೇಲೆ ಹೆಜ್ಜೆ ಕಿತ್ತಿಡಲು ನಾನು ಒಂದು ದಿನವೂ ಯೋಚಿಸಿದವನಲ್ಲ. ಎದುರಿಗೆ ಬಾವಿ ಇದ್ದಿದ್ದರೂ ಓಡುತ್ತಿದ್ದೆನೇನೋ.

ಅವನ ಹೊಟ್ಟೆಪಾಡು ಲಾಟರಿ ಟಿಕೆಟ್ಟು. ಬಸ್ ಸ್ಟ್ಯಾಂಡಿನ ಆಲದ ಬುಡದಲ್ಲಿ ಹಲಗೆ ಹಿಡಿದು ನಿಲ್ಲುತ್ತಿದ್ದ. ಟಿಕೆಟ್ಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನಂಬರ್ ಓದಿ, 'ಕೊನೆಗೆ ಏಳು ಬೇಕಾ, ಮೂರು ಬೇಕಾ?' ಅಂತ ಗಿರಾಕಿಯನ್ನೇ ಕೇಳುತ್ತಿದ್ದ. ಕೈಗುಣ ಒಳ್ಳೆಯದು ಅಂತ ಹೆಸರಿತ್ತು. ಮಾತೂ ಅಷ್ಟೇ, ಬೆಲ್ಲ ಹಚ್ಚಿದ ಮಾತು.

ಹೆಂಡತಿ ವಿಲಾಸಿನಿ ನನ್ನ ಹಾಗೆ ಫಸ್ಟ್ ಕ್ಲಾಸ್. ಮೇಣದಬತ್ತಿ ಮಾಡುವ ನಮ್ಮ ಕುರುಡರ ಸಂಘದ ಶೆಡ್ಡಿನಲ್ಲಿ ಕೆಲಸ. ಮದುವೆಗೆ ಮುಂಚೆ ಅವಳು ಊರೆಲ್ಲ ಒಬ್ಬಳೇ ಕೋಲು ಬಡಿಯುತ್ತ ತಿರುಗಿದವಳು. ರೈಲು ಹಳಿ ದಾಟುವಾಗ ಚಪ್ಪಲಿ ಕಳಚಿ ಬರಿಗಾಲನ್ನು ಹಳಿಯ ಮೇಲಿಡುತ್ತಿದ್ದಳಂತೆ. ದೂರದಲ್ಲಿ ಗಾಡಿ ಬರುತ್ತಿದ್ದರೆ ಅಂಗಾಲಿಗೆ ಜುಮ್ಮೆನ್ನುತ್ತದೆ ಅಂತ ಹೇಳುತ್ತಿದ್ದಳು. ಇಂಥ ಹುಡುಗಿಯನ್ನು ಅವಳಮ್ಮ ಉತ್ತಮನಿಗೆ ಕೊಟ್ಟದ್ದು ಒಂದೇ ಕಾರಣಕ್ಕೆ: ಗಂಡಿಗೆ ಅಷ್ಟಿಷ್ಟು ಕಣ್ಣು ಕಾಣುತ್ತದೆ. ಮದುವೆಯಾದ ವಾರಕ್ಕೇ ಇವನು ಅವಳ ಕೋಲನ್ನು ಅಟ್ಟಕ್ಕೆ ಹಾಕಿಸಿದ. 'ನನ್ನ ಹೆಗಲು ಇರುವಾಗ ನಿನಗೆ ಕೋಲು ಯಾಕೆ?' ಅಂದನಂತೆ. ಅದನ್ನು ಅವಳು ಎಷ್ಟು ಸಲ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದಾಳೋ. ಮನೆ ಹಳಿಯ ಆ ಕಡೆ, ನಿಳಾ ಹೊಳೆಯ ದಿಕ್ಕಿಗೆ. ಶೆಡ್ಡು, ಬಸ್ ಸ್ಟ್ಯಾಂಡು, ಮೈದಾನ ಎಲ್ಲ ಈ ಕಡೆ. ಬೆಳಿಗ್ಗೆ ಅವನ ಹೆಗಲು ಹಿಡಿದು ದಾಟಿ ಬರುವುದು, ಸಂಜೆ ಹಾಗೇ ಹಿಡಿದು ದಾಟಿ ಹೋಗುವುದು. ಮೇಲ್ಸೇತುವೆ ಇದೆ, ಆದರೆ ಅದು ಸುತ್ತು. ಆ ಕಡೆಯ ಜನರೆಲ್ಲ ಹಳಿ ದಾಟಿಯೇ ಬರುವವರು.

ನನಗೆ ಮೊದಲು ಸಂಶಯ ಬಂದದ್ದು ಅವನ ಹೆಗಲಿನಿಂದ. ಹಿಂದೆಲ್ಲ ಎದುರಿಗೆ ಗುಂಡಿಯೋ ಸೈಕಲ್ಲೋ ಇದ್ದರೆ ಆ ಹೆಗಲು ನನ್ನ ಕೈಯೊಳಗೆ ಮುಂಚೆಯೇ ಓರೆಯಾಗುತ್ತಿತ್ತು. ಈಚೆಗೆ ಅದು ಓರೆಯಾಗುವುದು ನಿಂತಿತ್ತು. ಕಾಲಿಗೆ ಏನಾದರೂ ತಗುಲಿದ ಮೇಲೆ ಗಕ್ಕನೆ ನಿಲ್ಲುತ್ತಿದ್ದ. ಚಪ್ಪಲಿ ಎಳೆದು ಎಳೆದು ನಡೆಯುತ್ತಿದ್ದ. ಅದು ನಮ್ಮ ನಡಿಗೆ. ಕಣ್ಣಿದ್ದವನು ಪಾದವನ್ನು ಹಾಗೆ ಮುಂದೆ ಕಳಿಸಿ ನೆಲ ಕೇಳುವುದಿಲ್ಲ.

ಮೈದಾನದಲ್ಲಿಯೂ ಹಾಗೇ. ಬ್ಯಾಟಿನ ಸದ್ದಿಗೂ ಅವನ ಕೂಗಿಗೂ ನಡುವೆ ಒಂದು ಸಣ್ಣ ತಡ ಸೇರಿಕೊಂಡಿತು. ಕಣ್ಣಿದ್ದ ಶಂಕುಣ್ಣಿ ಮಾಷಿಗೆ, ಅಂದರೆ ಕುರುಡರ ಶಾಲೆಯ ನಮ್ಮ ಡ್ರಿಲ್ ಮೇಷ್ಟರಿಗೆ, ಅದು ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಗಿಲಗಿಲ ಕೇಳಿ, ದಿಕ್ಕು ಲೆಕ್ಕ ಹಾಕಿ, ಆಮೇಲೆ ಕೂಗುತ್ತಿದ್ದಾನೆ. ನಾನೂ ಅದನ್ನೇ ಮಾಡುತ್ತಿದ್ದೆ ತಾನೆ, ಹುಟ್ಟಿದಾಗಿನಿಂದ? ಆದರೂ ಬಾಯಿ ಮುಚ್ಚಿಕೊಂಡಿದ್ದೆ. ವಯಸ್ಸಾಯಿತು, ನೆಗಡಿ ಇರಬೇಕು, ಮನಸ್ಸು ಎಲ್ಲೋ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಥ ವಿಷಯವನ್ನು ಬಾಯಿಬಿಟ್ಟು ಕೇಳುವುದು ಸುಲಭವಲ್ಲ.

ಮುಂದೆ ಬರಲಿದ್ದ ಟೂರ್ನಮೆಂಟಿಗಾಗಿ ಕ್ರಿಸ್‌ಮಸ್ಸಿಗೆ ಮುಂಚೆ ಪಟ್ಟಾಂಬಿಯ ತಂಡದ ಜೊತೆ ಅಭ್ಯಾಸದ ಪಂದ್ಯ ಇತ್ತು. ಮಿಡ್‌ವಿಕೆಟ್ ಕಡೆ ಜೋಸುಟ್ಟಿ ನಿಂತಿದ್ದ, ನನ್ನ ಹಾಗೇ ಪೂರ್ತಿ ಕುರುಡ, ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವನು. ಅವನಿಂದಾಚೆ ದಿವಾಕರನ್, ಸೆಕೆಂಡ್ ಕ್ಲಾಸ್. ಮೈದಾನದ ಬೇಲಿಯ ಹಿಂದೆಯೇ ಹಳಿ. ಸರಿಯಾಗಿ ಆಗಲೇ ಒಂದು ಗೂಡ್ಸ್ ಗಾಡಿ ಬಂತು. ಅಂಥ ಹೊತ್ತಿನಲ್ಲಿ ಆಟ ನಿಲ್ಲಿಸುವುದು ವಾಡಿಕೆ. ಆದರೆ ಬೌಲರ್ ಆಗಲೇ ಚೆಂಡು ಬಿಟ್ಟಾಗಿತ್ತು. ಬ್ಯಾಟಿಗೆ ತಗುಲಿದ್ದು ಕೇಳಿಸಿತು. ಆಮೇಲೆ ಗಾಡಿಯ ಧಡಧಡದಲ್ಲಿ ಗಿಲಗಿಲ ಮುಳುಗಿಹೋಯಿತು.

ಉತ್ತಮನ್ 'ಜೋಸುಟ್ಟಿ' ಅಂತ ಕೂಗಿದ. ಉಸಿರು ಎಳೆಯುವಷ್ಟರಲ್ಲಿ 'ದಿವಾಕರಾ' ಅಂತಲೂ ಕೂಗಿದ. ನಾನು ಅವನ ಹತ್ತಿರವೇ ಇದ್ದೆ, ಎರಡೂ ಕೇಳಿಸಿಕೊಂಡೆ. ಇಬ್ಬರೂ ಓಡಿದರು. ತೆಂಗಿನಕಾಯಿ ಒಡೆದಂಥ ಸದ್ದು. ದಿವಾಕರನ ಮುಂದಿನ ಹಲ್ಲು ಹೋಯಿತು. ಜೋಸುಟ್ಟಿಯ ಕುತ್ತಿಗೆಯ ಕೆಳಗಿನ ಮೂಳೆ ಮುರಿಯಿತು.

'ಯಾರನ್ನ ಕರೆದದ್ದೋ?' ಅಂತ ಮಾಷ್ ಓಡಿ ಬಂದು ಕೇಳಿದರು.

'ದಿವಾಕರನ್ನ,' ಅಂದ ಉತ್ತಮನ್.

'ನನ್ನ ಹೆಸರು ಕೇಳಿಸ್ತು ಮಾಷೇ,' ಅಂತ ಜೋಸುಟ್ಟಿ ನೆಲದಲ್ಲಿ ಬಿದ್ದುಕೊಂಡೇ ಹೇಳಿದ. 'ದೇವರಾಣೆ ಕೇಳಿಸ್ತು.'

ದಿವಾಕರನಿಗೆ ಗಾಡಿಯ ಸದ್ದಿನಲ್ಲಿ ಕೇಳಿಸಿದ್ದು ತನ್ನ ಹೆಸರೊಂದೇ. ವಿಲಾಸಿನಿ ಮಜ್ಜಿಗೆಯ ಪಾತ್ರೆ ಹಿಡಿದು ಗೆರೆಯ ಆಚೆ ಕೂತಿದ್ದಳು. ಅವಳು ಬಾರದ ಪಂದ್ಯವೇ ಇಲ್ಲ, ಅಂಪೈರ್ ಜೊತೆ ಜಗಳ ಆಡದ ಪಂದ್ಯವೂ ಇಲ್ಲ. ಅವಳು ಶುರುಮಾಡಿದಳು: 'ಕರೆಯದೆ ಓಡೋನು ಆಟಗಾರನಾ? ನಿನ್ನ ಕಿವಿಗೆ ಏನು ಮೇಣ ಹೊಯ್ದಿದ್ದಾರಾ? ನಿನ್ನಿಂದ ಆ ಪಾಪದವನ ಹಲ್ಲು ಹೋಯ್ತು.'

ಜೋಸುಟ್ಟಿ ಎದುರು ಹೇಳಲಿಲ್ಲ. ಕುರುಡನಿಗೆ ಕಣ್ಣಿಲ್ಲ ಅಂದರೆ ಬೇಜಾರಿಲ್ಲ, ದಿನಾ ಕೇಳುವ ಮಾತು. ನಿನಗೆ ಕಿವಿ ಸರಿ ಇಲ್ಲ ಅಂದರೆ ಅವನಿಗೆ ಉಳಿದದ್ದೇನು? ಮೂಳೆ ಕೂಡಿದ ಮೇಲೂ ಇವನನ್ನು ಫೀಲ್ಡಿಗೆ ಇಳಿಸುವುದಿಲ್ಲ, ಶಿಸ್ತು ಇಲ್ಲದವನು ಅಂತ ಮಾಷ್ ಎಲ್ಲರ ಮುಂದೆ ಹೇಳಿದರು. ಕ್ರಿಸ್‌ಮಸ್ ರಾತ್ರಿಯ ಹಾಡಿಗೆ ಚರ್ಚಿನಲ್ಲಿ ಬೇರೆ ಯಾರೋ ನುಡಿಸಿದರು. ನಾನು ಅವನ ಮನೆಗೆ ಹೋದರೆ ಅವನು ಮಾತೇ ಆಡಲಿಲ್ಲ. ಬರುವಾಗ ಮಾತ್ರ, 'ಮೊಯ್ದುಕ್ಕಾ, ನನ್ನ ಕಿವಿ ಸರಿ ಇದೆ,' ಅಂದ.

ಎರಡೂ ಹೆಸರು ಕೇಳಿಯೂ ಅಂದು ಬಾಯಿ ಬಿಡದ ನನ್ನ ಮೇಲೂ, ಉತ್ತಮನ ಮೇಲೂ ನನಗೆ ಮೈ ಉರಿದುಹೋಯಿತು. ಮಾರನೆಯ ದಿನ ಒಂದು ರಟ್ಟನ್ನು ಲಾಟರಿ ಟಿಕೆಟ್ಟಿನಷ್ಟೇ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಉತ್ತಮನ್ ಯಾರಿಗೋ, 'ನೀವೇ ನೋಡಿ ಆರಿಸ್ಕೊಳ್ಳಿ, ನಿಮ್ಮ ಅದೃಷ್ಟಕ್ಕೆ ನನ್ನ ಕೈ ಯಾಕೆ ಅಡ್ಡ?' ಅಂತ ಹೇಳುತ್ತಿದ್ದ. ಗಿರಾಕಿ ನಕ್ಕು ಹೋದ.

'ಉತ್ತಮಾ, ಯಾರೋ ಒಂದು ಹಳೇ ಟಿಕೆಟ್ ಕೊಟ್ರು. ಕೊನೇ ನಂಬರ್ ಎಷ್ಟು ನೋಡು,' ಅಂತ ರಟ್ಟು ಅವನ ಕೈಗಿಟ್ಟೆ.

ಅವನು ತೆಗೆದುಕೊಂಡ. ಮೂಗಿನ ಹತ್ತಿರ ಹಿಡಿದಿರಬೇಕು, ಉಸಿರು ಅದಕ್ಕೆ ತಗುಲುವುದು ಕೇಳಿಸಿತು.

'ಏಳು,' ಅಂದ.

'ಅದು ಬರೀ ರಟ್ಟು ಕಣೋ.'

ಅವನು ಹಲಗೆಯನ್ನು ಮರಕ್ಕೆ ಒರಗಿಸಿ ಕಟ್ಟೆಯ ಮೇಲೆ ಕೂತ. ಬಸ್ಸುಗಳು ಬಂದವು, ಹೋದವು. ಬೈಯಬೇಕೆಂದು ಏನೇನೋ ಕೂಡಿಸಿಕೊಂಡು ಹೋಗಿದ್ದೆ. ಅದೆಲ್ಲ ಬಿಟ್ಟು ಅವನ ಪಕ್ಕದಲ್ಲಿ ಕೂತೆ.

'ಯಾವಾಗಿಂದ?' ಅಂತ ಕೇಳಿದೆ.

'ಮಳೆಗಾಲದಿಂದ. ಮೊದಲು ಒಂದು ಕೊಳವೆಯೊಳಗಿಂದ ನೋಡಿದ ಹಾಗಿತ್ತು. ಆಮೇಲೆ ಕೊಳವೆ ಸಣ್ಣದಾಗ್ತಾ ಬಂತು. ಓಣಂ ಹೊತ್ತಿಗೆ ಅದೂ ಹೋಯ್ತು. ಇನ್ನು ಏನೂ ಮಾಡೋಕಾಗಲ್ಲ ಅಂದ್ರು ಡಾಕ್ಟ್ರು.'

'ಜೋಸುಟ್ಟಿಯ ಹೆಸರು ಕೂಗಿದ್ದೆ ನೀನು.'

'ಕೂಗಿದ್ದೆ.'

'ಇಲ್ಲ ಅಂದೆ.'

'ಹೆದರಿಕೆ ಆಯ್ತು ಮೊಯ್ದುಕ್ಕಾ. ಎರಡು ಹೆಸರು ಯಾಕೆ ಕೂಗಿದೆ ಅಂತ ಕೇಳಿದ್ರೆ ಏನು ಹೇಳ್ಲಿ? ಅವಳು ಅಲ್ಲೇ ಕೂತಿದ್ಲು.'

ಆಗ ನನಗೆ ಹಳಿ ನೆನಪಾಯಿತು. 'ಹಳಿ ಹೇಗೆ ದಾಟಿಸ್ತೀಯೋ ಅವಳನ್ನ?'

'ಯಾರಾದ್ರೂ ದಾಟೋ ಸದ್ದು ಕೇಳಿದ್ರೆ ಅವರ ಹಿಂದೇನೇ ಹೋಗ್ತೀನಿ.'

'ಯಾರೂ ಇಲ್ಲದಿದ್ರೆ?'

'ಚಪ್ಪಲಿ ಕಿತ್ತೋಯ್ತು ಅಂತ ಬಗ್ಗಿ ಕೂತ್ಕೊಳ್ತೀನಿ. ಯಾರಾದ್ರೂ ಬರೋವರೆಗೆ.'

ಈ ಚಪ್ಪಲಿಯ ಕಥೆ ನಾನು ವಿಲಾಸಿನಿಯ ಬಾಯಲ್ಲೇ ಕೇಳಿದ್ದೆ. 'ಒಂದು ಗಟ್ಟಿ ಚಪ್ಪಲಿ ಕೊಳ್ಳೋ ಯೋಗ್ಯತೆ ಇಲ್ಲ ಇವರಿಗೆ. ದಿನಾ ಹಳಿ ಹತ್ರಾನೇ ಕಿತ್ತೋಗುತ್ತೆ,' ಅಂತ ಶೆಡ್ಡಿನಲ್ಲಿ ನಗುತ್ತ ಹೇಳಿದ್ದಳು. ನಾವೂ ನಕ್ಕಿದ್ದೆವು.

'ಇವತ್ತೇ ಹೇಳು ಅವಳಿಗೆ,' ಅಂದೆ.

'ಹೇಳ್ತೀನಿ. ಟೂರ್ನಮೆಂಟ್ ಒಂದು ಮುಗೀಲಿ. ಜೋಸುಟ್ಟಿಗೂ ನಾನೇ ಹೇಳ್ತೀನಿ. ನೀವು ಹೇಳ್ಬೇಡಿ ಮೊಯ್ದುಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳಮ್ಮ ನನಗೆ ಕೊಟ್ಟದ್ದು ಕಣ್ಣು ನೋಡಿ. ಅವಳ ಕೋಲು ಕಿತ್ತಿಟ್ಟವನು ನಾನು. ಈಗ ಯಾವ ಬಾಯಲ್ಲಿ ಹೇಳ್ಲಿ?'

ಅಲ್ಲಿಯವರೆಗೆ ಮೇಲ್ಸೇತುವೆಯ ಮೇಲೆಯೇ ಹೋಗಬೇಕು ಅಂತ ಆಣೆ ಹಾಕಿಸಿಕೊಂಡೆ. ಹಾಕಿದ. ಅವನು ಅದನ್ನು ಪಾಲಿಸುತ್ತಾನೆ ಅಂತ ನಾನು ನಂಬಿದೆನೋ, ನಂಬಬೇಕೆಂದು ನಂಬಿದೆನೋ ಹೇಳಲಾರೆ. ಆಮೇಲಿನ ದಿನಗಳಲ್ಲಿ ಕುರ್ಚಿ ಹೆಣೆಯುತ್ತ ಕೂತಿದ್ದಾಗ ಗಾಡಿ ಬಂದರೆ ಬೆರಳು ನಿಂತುಬಿಡುತ್ತಿತ್ತು. ಡೀಸೆಲ್ ಇಂಜಿನ್ನಾದರೆ ದೂರದಿಂದಲೇ ತಿಳಿಯುತ್ತದೆ. ಕರೆಂಟಿನದು ಮೈಮೇಲೆ ಬಂದ ಮೇಲೆಯೇ ಗೊತ್ತಾಗುವುದು. ಗಾಡಿ ಹೋದ ಮೇಲೆ ಯಾರಾದರೂ ಕಿರುಚುತ್ತಾರೋ ಅಂತ ಕಿವಿಗೊಟ್ಟು ಕೂರುತ್ತಿದ್ದೆ. ಹೆಣೆದ ಒಂದು ಸೀಟನ್ನು ಮೂರು ಸಲ ಬಿಚ್ಚಬೇಕಾಯಿತು.

ಟೂರ್ನಮೆಂಟಿನ ಹಿಂದಿನ ದಿನ ಎಲ್ಲರ ಕಣ್ಣೂ ಹೊಸದಾಗಿ ಪರೀಕ್ಷೆ ಆಗಬೇಕು ಅಂತ ಕ್ರಿಕೆಟ್ ಸಂಘದವರು ನಿಯಮ ತಂದಿದ್ದರು. ಶಾಲೆಯ ಹಾಲಿನಲ್ಲಿ ಡಾಕ್ಟರ್ ಕೂತಿದ್ದರು. ನನ್ನದು ಮುಗಿಯಲು ಹೊತ್ತೇ ಹಿಡಿಯಲಿಲ್ಲ. ಉತ್ತಮನದು ತುಂಬ ಹೊತ್ತು ನಡೆಯಿತು. ಮಾಷ್ ಒಳಗೆ ಹೋದರು, ಹೊರಗೆ ಬಂದರು. ಬಂದವರ ದನಿಯಲ್ಲಿ ಕುಣಿತ ಇತ್ತು.

'ಕೇಳ್ರೋ, ಉತ್ತಮನ್ ಬಿ-ಒನ್. ಇನ್ನು ಮೇಲೆ ಅವನ ರನ್ನೂ ಡಬಲ್.'

'ಥರ್ಡ್‌ನಿಂದ ನೇರ ಫಸ್ಟ್ ಕ್ಲಾಸಿಗೆ ಬಡ್ತಿ,' ಅಂತ ಹಿಂದಿನಿಂದ ಯಾರೋ ಅಂದರು. ಚಪ್ಪಾಳೆ ಬಿತ್ತು. ಬೆನ್ನು ತಟ್ಟಿದರು. ಅವರದು ಕೆಟ್ಟ ಮನಸ್ಸಲ್ಲ. ನಮ್ಮ ಪಾಲಿಗೆ ಕತ್ತಲೆ ಅಂದರೆ ಮನೆ. ಮನೆಗೆ ಒಬ್ಬ ಹೆಚ್ಚು ಬಂದ ಅಂತ ಖುಷಿಪಟ್ಟರು. ದಿವಾಕರನ್ ಒಬ್ಬ ಚಪ್ಪಾಳೆ ತಟ್ಟಲಿಲ್ಲ. ಅವನು ನನ್ನ ಪಕ್ಕದಲ್ಲೇ ಇದ್ದ, ಹೋದ ಹಲ್ಲಿನ ಸಂದಿನಲ್ಲಿ ಗಾಳಿ ಎಳೆದುಕೊಳ್ಳುತ್ತಿದ್ದ.

'ಮಾಷೇ, ವಿಲಾಸಿನಿಗೆ ಮಾತ್ರ ಯಾರೂ ಹೇಳ್ಬೇಡಿ. ನಾನೇ ಹೇಳ್ತೀನಿ,' ಅಂತ ಉತ್ತಮನ್ ಕೇಳಿಕೊಂಡ.

'ನಿನ್ನ ಸಂಸಾರದ ವಿಷಯ ನನಗ್ಯಾಕಪ್ಪ? ನೀನು ರನ್ ಹೊಡಿ,' ಅಂದರು ಮಾಷ್. ಎಲ್ಲರೂ ಹೂಂ ಅಂದರು. ಎಲ್ಲರೂ ಮಾತು ಉಳಿಸಿಕೊಂಡರು. ಮೈಕಿನವನಿಗೆ ಹೇಳಬೇಕು ಅಂತ ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಪಂದ್ಯದ ದಿನ ಎದುರಾಳಿ ತ್ರಿಶ್ಶೂರಿನವರು. ವಿಲಾಸಿನಿ ಬಂದಳು, ಅವನ ಹೆಗಲು ಹಿಡಿದೇ ಬಂದಳು. ಬಿಸಿಲು ಜಾಸ್ತಿ, ಮನೆಯಲ್ಲೇ ಇರು ಅಂತ ಅವನು ಹೇಳಿ ನೋಡಿದನಂತೆ. 'ನಾನಿಲ್ಲದೆ ಅಂಪೈರ್ ನಿಮ್ಮನ್ನ ತಿಂದು ಹಾಕ್ತಾನೆ,' ಅಂದಳಂತೆ. ಮೈಕಿನ ಮೇಜಿನ ಪಕ್ಕ ಅವಳಿಗೆ ಕುರ್ಚಿ ಹಾಕಿಕೊಟ್ಟರು. ಹಾಗೆ ಮರ್ಯಾದೆ ಮಾಡಿದವರು ನಮ್ಮವರೇ.

ಮೊದಲು ನಾವು ಫೀಲ್ಡಿಂಗ್. ಬಿ-ಒನ್ ಆದವನು ಕೀಪರ್ ಆಗುವಂತಿಲ್ಲ, ದಿವಾಕರನ್ ಆ ಜಾಗಕ್ಕೆ ನಿಂತು ಹೆಸರು ಕೂಗಿದ. ಹಲ್ಲಿಲ್ಲದ ಬಾಯಿಂದ ನನ್ನ ಹೆಸರು ಉಗುಳಿದ ಹಾಗೆ ಬರುತ್ತಿತ್ತು. ಇದೇನು ಉತ್ತಮೇಟ್ಟನ ದನಿ ಇಲ್ಲ ಅಂತ ವಿಲಾಸಿನಿ ವಿಚಾರಿಸಿದಾಗ ಗಂಟಲು ಕಟ್ಟಿದೆ ಅಂತ ಯಾರೋ ಹೇಳಿದರು. ಗಂಡನ ಹೆಸರಿಗೆ ಅವಳು ಯಾವಾಗಲೂ ಮರ್ಯಾದೆಯ 'ಏಟ್ಟ' ಸೇರಿಸುವವಳು. ಅವಳು ಯಾರಿಗೋ ದುಂಬಾಲು ಬಿದ್ದು ಶುಂಠಿ ಕಾಫಿ ತರಿಸಿ ಅವನಿಗೆ ಕಳಿಸಿದಳು. ಫೀಲ್ಡಿಂಗ್ ಮುಗಿದ ಮೇಲೆ ಆ ಲೋಟ ಹಿಡಿದುಕೊಂಡು ಅವನು ನನ್ನ ಪಕ್ಕದಲ್ಲಿ ಕೂತ. ಕುಡಿದ ಸದ್ದು ಕೇಳಲಿಲ್ಲ.

ನಮ್ಮ ಬ್ಯಾಟಿಂಗ್ ಶುರುವಾದಾಗ ಮೈಕಿನವನು ಪ್ರತಿ ರನ್ನಿಗೂ ಕಥೆ ಹೇಳತೊಡಗಿದ. ಸೌಂಡ್ ಅಂಗಡಿಯ ಹುಮ್ಮಸ್ಸಿನ ಆಸಾಮಿ, ಮೈಕು ಸಿಕ್ಕಿದರೆ ಬಿಡುವವನಲ್ಲ. 'ಮೊಯ್ದು, ಬಿ-ಒನ್ ಆಟಗಾರ, ಒಂದು ರನ್, ಲೆಕ್ಕಕ್ಕೆ ಎರಡು.' ಅದು ಹೊಳೆಯ ಆಚೆಗೂ ಕೇಳುವಷ್ಟು ಜೋರಾಗಿತ್ತು. ಕ್ರೀಸಿನಲ್ಲಿ ನಿಂತು ಅದನ್ನು ಕೇಳಿದಾಗಲೇ ನನಗೆ ಮೈಕಿನ ಪಕ್ಕದ ಆ ಕುರ್ಚಿ ನೆನಪಾದದ್ದು. ಉತ್ತಮನನ್ನು ಕೊನೆಗೆ ಹಾಕಿ ಅಂತ ಮಾಷಿಗೆ ಕೂಗಿ ಹೇಳೋಣವೆಂದರೆ ವಿಲಾಸಿನಿ ಕೇಳಿಸಿಕೊಳ್ಳುತ್ತಾಳೆ. ಅಷ್ಟರಲ್ಲಿ ನಮ್ಮವರು ಒಬ್ಬರ ಹಿಂದೆ ಒಬ್ಬರು ಔಟಾದರು. ಸ್ಟಂಪು ಕಬ್ಬಿಣದ್ದು, ಚೆಂಡು ತಗುಲಿದರೆ ಠಣ್ ಅನ್ನುತ್ತದೆ. ಆ ಠಣ್ ನಿಲ್ಲಲೇ ಇಲ್ಲ. ಕೊನೆಗೆ ಉಳಿದವನು ಅವನೊಬ್ಬನೇ.

ಪೂರ್ತಿ ಕುರುಡನಿಗೆ ಓಡಲು ಬೇರೊಬ್ಬನನ್ನು ಕೊಡುತ್ತಾರೆ. ಆ ಓಟಗಾರನೇ ಅವನನ್ನು ಕರೆತಂದು ಕ್ರೀಸಿನಲ್ಲಿ ನಿಲ್ಲಿಸಿದ. ನಾನು ಪಿಚ್ಚು ದಾಟಿ ಹೋಗಿ ಅವನ ತೋಳು ಹಿಡಿದೆ.

'ಉತ್ತಮಾ, ಅವಳು ಮೈಕಿನ ಪಕ್ಕಾನೇ ಕೂತಿದ್ದಾಳೆ.'

'ಗೊತ್ತು.'

'ಹೊಡೀಬೇಡ. ಬ್ಯಾಟು ಎತ್ತಿ ನಿಂತ್ಕೋ, ಔಟಾಗು. ಸೋತ್ರೆ ಸೋಲೋಣ. ಸಂಜೆ ಮನೆಗೆ ಹೋಗಿ ನೀನೇ ಹೇಳು.'

ಅವನು ತೋಳು ಬಿಡಿಸಿಕೊಂಡು ಬ್ಯಾಟು ಊರಿ ನಿಂತ.

'ರೆಡಿ?' ಅಂತ ಬೌಲರ್ ಕೇಳಿದ.

'ಯೆಸ್,' ಅಂದ ಉತ್ತಮನ್. ಅವನ ದನಿ ಗಂಟಲು ಕಟ್ಟಿದವನದಲ್ಲ.

'ಪ್ಲೇ.'

ಚೆಂಡು ನೆಲ ಹಿಡಿದು ಗಿಲಗಿಲ ಅನ್ನುತ್ತ ಬಂತು. ಆಫ್ ಸ್ಟಂಪಿನ ಆಚೆ ಹೋಯಿತು, ಅವನು ಬಿಟ್ಟ. ನಾನು ಉಸಿರು ಬಿಟ್ಟೆ. ಎರಡನೆಯದು ಕಾಲಿನ ಮೇಲೆಯೇ ಬಂತು. ಮಂಡಿಯೂರುವ ಸದ್ದು, ಬ್ಯಾಟು ನೆಲ ಗುಡಿಸಿಕೊಂಡು ಬಂದ ಸದ್ದು, ಆಮೇಲೆ ಚೆಂಡು ಕಿರುಚಿಕೊಂಡು ಬೇಲಿಯ ಕಡೆ ಓಡಿದ ಸದ್ದು. ಅಷ್ಟು ಚಂದದ ಏಟನ್ನು ನಾನು ನಮ್ಮ ಮೈದಾನದಲ್ಲಿ ಕೇಳಿರಲಿಲ್ಲ. ಒಂದು ಗಳಿಗೆ ಎಲ್ಲ ಮರೆತು ಬ್ಯಾಟು ತಟ್ಟಿಬಿಟ್ಟೆ.

'ಉತ್ತಮನ್, ಬಿ-ಒನ್ ಆಟಗಾರ, ನಾಲ್ಕು ರನ್, ಲೆಕ್ಕಕ್ಕೆ ಎಂಟು,' ಅಂತ ಮೈಕು ಕೂಗಿತು.

ಜನ ಕೇಕೆ ಹಾಕಿದರು. ಅದರ ನಡುವೆ ವಿಲಾಸಿನಿಯ ದನಿ ಎದ್ದಿತು. 'ಏ ಮೈಕಿನವನೇ, ತಪ್ಪು ಹೇಳ್ತಿದ್ದೀಯ. ಅವರು ಬಿ-ಒನ್ ಅಲ್ಲ, ಬಿ-ತ್ರೀ. ನಾಲ್ಕು ಅಂದ್ರೆ ನಾಲ್ಕೇ. ನಮಗೆ ಮೋಸದ ರನ್ ಬೇಡ.'

ಅವಳು ನ್ಯಾಯ ಅಂದರೆ ನ್ಯಾಯ. ನಮ್ಮ ತಂಡದ ಪರವಾಗಿ ಬಂದ ತಪ್ಪನ್ನೂ ಬಿಡುವವಳಲ್ಲ. ಮೈಕಿನವನು ಮೈಕು ಕೆಳಗಿಡದೇ ಉತ್ತರ ಕೊಟ್ಟ, ಊರಿಗೆಲ್ಲ ಕೇಳುವ ಹಾಗೆ: 'ತಪ್ಪಿಲ್ಲ ಚೇಚೀ. ನಿನ್ನೆ ಡಾಕ್ಟರೇ ಹೇಳಿದ್ದು. ಪೂರ್ತಿ ಬಿ-ಒನ್.'

ಆಮೇಲೆ ಅವಳ ದನಿ ಕೇಳಲಿಲ್ಲ. ಉತ್ತಮನ್ ಹೊಡೆಯುತ್ತಲೇ ಹೋದ. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಅಂತ ಮೈಕು ಹೇಳುತ್ತಲೇ ಇತ್ತು. ಪ್ರತಿ ಸಲವೂ ಅವನ ಹೆಸರು, ಅವನ ದರ್ಜೆ. ಗೆದ್ದೆವು. ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಅವನು ಇಳಿಸ್ರೋ, ಇಳಿಸ್ರೋ ಅನ್ನುತ್ತಿದ್ದ. ಯಾಕೆ ಹೊಡೆದೆ ಅಂತ ನಾನು ಎಷ್ಟೋ ದಿನ ಆದ ಮೇಲೆ ಕೇಳಿದೆ. 'ಆ ಚೆಂಡು ಬಿಡೋಕಾಗ್ಲಿಲ್ಲ ಮೊಯ್ದುಕ್ಕಾ. ಕಾಲ ಮೇಲೇ ಬಂತಲ್ಲ,' ಅಂದ. ಇರಬಹುದು. ಬಾಯಲ್ಲಿ ಹೇಳಲಾಗದ್ದನ್ನು ಮೈಕೇ ಹೇಳಲಿ ಅಂತಲೂ ಇರಬಹುದು. ನನಗೆ ತಿಳಿಯದು.

ಜನ ಕರಗಿದ ಮೇಲೆ ನಾವಿಬ್ಬರೂ ಅವಳ ಕುರ್ಚಿಯ ಹತ್ತಿರ ಹೋದೆವು. ನಾನು ಕೋಲು ಬಡಿಯುತ್ತ ಮುಂದೆ, ಅವನು ಹಿಂದೆ. ಅವಳು ಎದ್ದು ನಿಂತಳು.

'ಹಾಗಾದ್ರೆ ಜೋಸುಟ್ಟಿಗೆ ಕೇಳಿಸಿದ್ದು ನಿಜ,' ಅಂದಳು.

'ನಿಜ,' ಅಂದ ಉತ್ತಮನ್.

'ನಾನು ಅವನ ಕಿವಿಗೆ ಬೈದೆ.'

ಅವಳ ದನಿ ನನ್ನ ಕಡೆ ತಿರುಗಿತು.

'ನೀವೂ ಗೊತ್ತಿದ್ದು ಬಾಯಿ ಮುಚ್ಕೊಂಡಿದ್ರಿ ಮೊಯ್ದುಕ್ಕಾ,' ಅಂದಳು. ನಾನು ಹೂಂ ಅಂದೆ. ಬೇರೆ ಏನು ಹೇಳುವುದು? ಆಮೇಲೆ ಅವಳು ಗಂಡನ ಕಡೆ ತಿರುಗಿ, ದನಿ ಎತ್ತದೆ ಕೇಳಿದಳು:

'ಇವತ್ತು ಬೆಳಿಗ್ಗೆ ನನ್ನನ್ನ ಹಳಿ ದಾಟಿಸಿದ್ದು ಯಾರು?'

ಅವನು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಮೇಲ್ಸೇತುವೆಯ ಆಣೆ ಏನಾಯಿತು ಅಂತ ಕೇಳುವ ಅಗತ್ಯ ನನಗೆ ಉಳಿಯಲಿಲ್ಲ. ಮಾಷ್ ಆಟೋ ತರಿಸುತ್ತೇನೆ ಅಂದರು. ಬೇಡ, ನಡೆದೇ ಹೋಗ್ತೀವಿ ಅಂದಳು. ಅವಳು ಅವನ ಹೆಗಲು ಹಿಡಿಯಲಿಲ್ಲ. ನನ್ನ ಕೈಯಿಂದ ಕೋಲು ತೆಗೆದುಕೊಂಡಳು. ಕೊಡ್ತೀರಾ ಅಂತ ಕೇಳಲೂ ಇಲ್ಲ. ಎಷ್ಟೋ ವರ್ಷ ಕೋಲು ಮುಟ್ಟದ ಕೈ, ಮೊದಲು ತಪ್ಪು ತಪ್ಪಾಗಿ ಬಡಿಯಿತು, ಬರಬರುತ್ತ ಸರಿಹೋಯಿತು. ನಾನು ಅವಳ ಹೆಗಲು ಹಿಡಿದೆ, ಉತ್ತಮನ್ ನನ್ನದು. ಟೀ ಅಂಗಡಿಯವರು ಅಂದು ಸಿಳ್ಳೆ ಹಾಕಲಿಲ್ಲ, ಅಥವಾ ನನಗೆ ಕೇಳಲಿಲ್ಲ.

ಹಳಿಯ ಹತ್ತಿರ ಬಂದಾಗ ಆಚೀಚೆ ಯಾರೂ ಇರಲಿಲ್ಲ. ಜಲ್ಲಿಕಲ್ಲಿನ ಮೇಲೆ ಒಂದು ಹೆಜ್ಜೆಯ ಸದ್ದೂ ಇಲ್ಲ.

'ಚಪ್ಪಲಿ ಇವತ್ತು ಕಿತ್ತೋಗಿಲ್ವಾ?' ಅಂತ ಅವಳು ಕೇಳಿದಳು.

ಅವಳು ತನ್ನ ಚಪ್ಪಲಿ ಕಳಚಿದಳು. ಬಾಗಿ ಕೈಗೆತ್ತಿಕೊಂಡಳು. ಹಳಿಯ ಮೇಲೆ ಪಾದ ಇಟ್ಟಿರಬೇಕು, ಕೈಬಳೆಯ ಸದ್ದೂ ನಿಂತುಹೋಯಿತು. 'ನಾಳೆ ಬೆಳಿಗ್ಗೆ ಮೊದಲು ಜೋಸುಟ್ಟಿ ಮನೆಗೆ. ನಾನೂ ಬರ್ತೀನಿ,' ಅಂದಳು. ಆಮೇಲೆ ನನ್ನ ಕೈಯನ್ನು ಹೆಗಲಿನಿಂದ ತೆಗೆದು ಒಬ್ಬಳೇ ದಾಟಿದಳು. ಕೋಲು ಕಬ್ಬಿಣಕ್ಕೆ ತಾಗಿದ್ದು, ಜಲ್ಲಿಗೆ ತಾಗಿದ್ದು, ಮತ್ತೆ ಕಬ್ಬಿಣಕ್ಕೆ ತಾಗಿದ್ದು, ಕೊನೆಗೆ ಆಚೆ ಮಣ್ಣಿಗೆ ತಾಗಿದ್ದು ಕೇಳಿಸಿತು.

'ಹೋಗೋ,' ಅಂದೆ ನಾನು.

'ಕಾಲು ಬರ್ತಿಲ್ಲ ಮೊಯ್ದುಕ್ಕಾ,' ಅಂದ ಅವನು. ದಿನಾ ಅವಳನ್ನು ಹಿಂದಿಟ್ಟುಕೊಂಡು ದಾಟಿದವನಿಗೆ ಒಬ್ಬನೇ ದಾಟಲು ಕಾಲು ಬರಲಿಲ್ಲ.

ಆಚೆಯಿಂದ ಅವಳ ಕೋಲು ಮತ್ತೆ ಕಬ್ಬಿಣಕ್ಕೆ ತಾಗಿತು, ಬರಿಗಾಲು ಇಟ್ಟು ನೋಡಿದಳೋ ಏನೋ. ಆಮೇಲೆ ಕೂಗಿದಳು.

'ಉತ್ತಮನ್.'

ಉತ್ತಮೇಟ್ಟ ಅನ್ನಲಿಲ್ಲ. ಅವಳ ಬಾಯಲ್ಲಿ ಅವನ ಬರೀ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವನು ಮೈದಾನದಲ್ಲಿ ನಮ್ಮನ್ನು ಕೂಗುತ್ತಿದ್ದ ಹಾಗೆ, ಒಂದೇ ಸಲ, ಗಟ್ಟಿಯಾಗಿ. ಅವನ ಕೈ ನನ್ನ ಹೆಗಲಿನಿಂದ ಎದ್ದಿತು. ಚಪ್ಪಲಿ ಎಳೆಯುತ್ತ ಹೋದ. ನಡುವೆ ಎಡವಿ ಮಂಡಿ ಊರಿದ್ದು ಕೇಳಿಸಿತು. ಅವಳು ಎತ್ತಲು ಬರಲಿಲ್ಲ. ಇನ್ನೊಮ್ಮೆ ಹೆಸರು ಕೂಗಿದಳು. ಅವನು ಎದ್ದು ಹೋದ. ನನ್ನ ಕೋಲೂ ಆಚೆ ಅವಳ ಕೈಯಲ್ಲೇ ಇತ್ತು.

ಆಮೇಲೆ ನನ್ನ ಹೆಸರು ಕೂಗಿದಳು.